ಬರೋಕ್ ಒಪೆರಾ: ಕಛೇರಿಯಾಗಿ ಕೇಳಬೇಕೆ, ರಂಗದ ಮೇಲೆ ನೋಡಬೇಕೆ?

ಲಂಡನ್, ಪ್ಯಾರಿಸ್, ವಿಯೆನ್ನಾ, ನ್ಯೂಯಾರ್ಕ್‌ನಂಥ ಊರುಗಳಲ್ಲಿ ಬರೋಕ್ ಒಪೆರಾದ, ಅಂದರೆ ಸುಮಾರು 1600ರಿಂದ 1750ರ ನಡುವೆ ಯುರೋಪಿನಲ್ಲಿ ಹುಟ್ಟಿದ ಸಂಗೀತನಾಟಕದ ಟಿಕೆಟ್ ಕೊಳ್ಳಲು ಹೊರಟವರಿಗೆ ಎದುರಾಗುವ ಮೊದಲ ಗೊಂದಲ ಇದು. ಒಂದು ಕಡೆ ಪರದೆ, ವೇಷ, ಬೆಳಕು ಎಲ್ಲ ಇರುವ ಪೂರ್ಣ ರಂಗಪ್ರಯೋಗ. ಇನ್ನೊಂದು ಕಡೆ ಅದೇ ಕೃತಿಯನ್ನು ಏಳೆಂಟು ಮಂದಿ ಗಾಯಕರು ಕರಿಯ ಉಡುಪಿನಲ್ಲಿ ವಾದ್ಯವೃಂದದ ಮುಂದೆ ನಿಂತು ಹಾಡಿ ಮುಗಿಸುತ್ತಾರೆ. ಎರಡನೆಯದಕ್ಕೆ ದುಡ್ಡು ಸಾಮಾನ್ಯವಾಗಿ ಕಡಿಮೆ. ಹಾಗಾದರೆ ಅದು ಅರ್ಧ ಒಪೆರಾವೆ? ಲಂಡನ್ನಿಗೆ ಇಟಾಲಿಯನ್ ಒಪೆರಾ ಬರೆದ ಹ್ಯಾಂಡೆಲ್ ಮಟ್ಟಿಗೆ ಅಲ್ಲ. ಫ್ರೆಂಚ್ ಸಂಗೀತಗಾರ ರಾಮೋ ಮಟ್ಟಿಗೆ ಬಹುಪಾಲು ಹೌದು. ಮೊದಲು ನೋಡಬೇಕಾದ್ದು ಕೃತಿ ಯಾರದು ಎಂಬುದನ್ನು. ಸಭಾಂಗಣ, ಆಸನ, ಬೆಲೆ ಎಲ್ಲ ಆಮೇಲೆ.

ಬುಕಿಂಗ್ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ಒಂದು ಸಾಲನ್ನು ತಪ್ಪದೆ ಓದಿ. ‘ಇನ್ ಕಾನ್ಸರ್ಟ್’ ಎಂದಿದ್ದರೆ ಬರೀ ಕಛೇರಿ ರೂಪ. ಜರ್ಮನ್ ಭಾಷೆಯ ಊರುಗಳಲ್ಲಿ ಅದು ‘ಕೊಂಟ್ಸೆರ್ಟಾಂಟ್’, ಫ್ರಾನ್ಸ್‌ನಲ್ಲಿ ‘ವೆರ್ಸಿಯೋಂ ದ ಕೋನ್ಸೇರ್’, ಇಟಲಿಯಲ್ಲಿ ‘ಇನ್ ಫೋರ್ಮಾ ದಿ ಕೊಂಚೆರ್ತೊ’. ‘ಸೆಮಿ-ಸ್ಟೇಜ್ಡ್’ ಅಥವಾ ‘ಮೀಜ್ ಆನ್ ಎಸ್ಪಾಸ್’ ಎಂದಿದ್ದರೆ ಅರೆರಂಗ ರೂಪ. ಈ ಸಾಲು ಕಣ್ಣು ತಪ್ಪಿಸಿತೆಂದರೆ ಕ್ಲಿಯೋಪಾತ್ರಳ ಅರಮನೆ ನೋಡಲು ಹೋದವರು ಎರಡು ಸಾಲು ಸಂಗೀತದ ಸ್ಟ್ಯಾಂಡುಗಳನ್ನು ನೋಡಿ ಬರಬೇಕಾಗುತ್ತದೆ. ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್, ಪ್ಯಾರಿಸ್ಸಿನ ಷಾನ್ಜೆಲೀಜೆ ಥಿಯೇಟರ್, ವೆರ್ಸೈ ಅರಮನೆಯ ಒಪೆರಾ, ಈ ಮೂರೂ ರಂಗಪ್ರಯೋಗವನ್ನೂ ಕಛೇರಿಯನ್ನೂ ಒಂದೇ ಋತುವಿನ ಪಟ್ಟಿಯಲ್ಲಿ ಹಾಕುತ್ತವೆ. ಜಾಗ ಒಪೆರಾ ಮಂದಿರ ಎಂದಮಾತ್ರಕ್ಕೆ ರಂಗಸಜ್ಜಿಕೆ ಇರುತ್ತದೆ ಎಂದುಕೊಳ್ಳಬೇಡಿ.

ಹ್ಯಾಂಡೆಲ್ ಆದರೆ

ಹ್ಯಾಂಡೆಲ್‌ನ ಇಟಾಲಿಯನ್ ಒಪೆರಾಗಳ ಕಟ್ಟುವಿಕೆಯೇ ಕಛೇರಿಗೆ ಒಗ್ಗುತ್ತದೆ. ಕಥೆ ಮುಂದೆ ಸಾಗುವುದು ರೆಸಿಟೆಟಿವ್‌ನಲ್ಲಿ. ಹಾರ್ಪ್ಸಿಕಾರ್ಡ್ ಎಂಬ ಮೀಟುತಂತಿಯ ಕೀಲಿಮಣೆ ವಾದ್ಯ, ಚೆಲ್ಲೊ, ಥಿಯೋರ್ಬೊ ಎಂಬ ಉದ್ದ ಕತ್ತಿನ ಮೀಟುವ ವಾದ್ಯ, ಇಷ್ಟೇ ಜೊತೆಗಿದ್ದು ಮಾತಿನ ಲಯದಲ್ಲೇ ಹಾಡುವ ಭಾಗ ಅದು. ಆಮೇಲೆ ಒಂದು ಪಾತ್ರ ತನ್ನ ಮನಸ್ಸಿನ ಒಂದೇ ಭಾವವನ್ನು ಹಿಡಿದು ಐದಾರು ನಿಮಿಷ ಆರಿಯಾ ಹಾಡುತ್ತದೆ. ಹಾಡಿದ ಮೇಲೆ ಹೆಚ್ಚಾಗಿ ರಂಗದಿಂದ ಹೊರಗೆ ಹೋಗುತ್ತದೆ. ಹೊರಗೆ ಹೋಗುವಾಗ ಚಪ್ಪಾಳೆ ಗಿಟ್ಟಬೇಕು ಎಂಬುದು ಆ ಕಾಲದ ಗಾಯಕರ ಪಟ್ಟು. ಆರಿಯಾ ನಡೆಯುವಷ್ಟು ಹೊತ್ತೂ ಕಥೆ ನಿಂತೇ ಇರುತ್ತದೆ. ಪೂರ್ಣ ರಂಗಪ್ರಯೋಗದಲ್ಲಿ ನಿರ್ದೇಶಕರಿಗೆ ತಲೆನೋವಾಗುವುದು ಇದೇ: ಆ ಐದು ನಿಮಿಷ ಏನು ಮಾಡಿಸುವುದು? ಕೆಲವರು ನೃತ್ಯ ಹಾಕುತ್ತಾರೆ, ಕೆಲವರು ಹಿಂದೆ ಕುರ್ಚಿ-ಮೇಜು ಸರಿಸುತ್ತಾರೆ. ಕಛೇರಿಯಲ್ಲಿ ಆ ಚಿಂತೆಯೇ ಇಲ್ಲ. ಗಾಯಕಿ ಬಂದರು, ಹಾಡಿದರು, ಹೋದರು.

ಆರಿಯಾಗಳಲ್ಲಿ ಹೆಚ್ಚಿನವು ಮೂರು ಭಾಗದವು. ಮೊದಲ ಭಾಗ, ಸ್ವಲ್ಪ ಬೇರೆ ಬಣ್ಣದ ಎರಡನೆಯ ಭಾಗ, ಮತ್ತೆ ಮೊದಲ ಭಾಗ. ಚರಣ ಮುಗಿದು ಪಲ್ಲವಿಗೆ ಮರಳುವ ನಮ್ಮ ಕೀರ್ತನೆ ಕೇಳಿದ ಕಿವಿಗೆ ಇದು ಕಷ್ಟವಲ್ಲ. ಮರಳಿದಾಗ ಗಾಯಕರು ಇದ್ದದ್ದನ್ನು ಇದ್ದ ಹಾಗೆ ಹಾಡುವುದಿಲ್ಲ, ಸ್ವರಗಳನ್ನು ಹೊಸದಾಗಿ ಅಲಂಕರಿಸುತ್ತಾರೆ. ಕೇಳುವುದಕ್ಕೆ ಹೋಗುವುದೇ ಅದಕ್ಕಾಗಿ. ಹೊಸಬರು ಎಡವುವುದು ಎರಡನೆಯ ಭಾಗದ ಕೊನೆಯಲ್ಲಿ: ವಾದ್ಯಗಳು ಒಂದು ಕ್ಷಣ ನಿಲ್ಲುತ್ತವೆ, ಮುಗಿಯಿತು ಎಂದುಕೊಂಡು ಯಾರೋ ಚಪ್ಪಾಳೆ ತಟ್ಟುತ್ತಾರೆ, ಮರಳುವ ಮೊದಲ ಸ್ವರ ಅದರಲ್ಲಿ ಮುಳುಗಿಹೋಗುತ್ತದೆ. ಹಾಡುವವರ ಮುಖ ನೋಡುತ್ತಿರಿ. ಅವರು ಭುಜ ಇಳಿಸಿ ಸಡಿಲವಾಗುವವರೆಗೂ ಕೈ ಎತ್ತಬೇಡಿ.

ಈಜಿಪ್ಟಿಗೆ ಬಂದ ಜೂಲಿಯಸ್ ಸೀಸರನ ಕಥೆ ‘ಜೂಲಿಯೊ ಚೇಸರೆ’ಯನ್ನೇ ತೆಗೆದುಕೊಳ್ಳೋಣ. 1724ರ ಫೆಬ್ರವರಿ 20ರಂದು ಲಂಡನ್ನಿನ ಕಿಂಗ್ಸ್ ಥಿಯೇಟರಿನಲ್ಲಿ ಮೊದಲು ಹಾಡಿದ್ದು, ಇವತ್ತಿಗೂ ಹ್ಯಾಂಡೆಲ್ ಒಪೆರಾಗಳಲ್ಲಿ ಅತಿ ಹೆಚ್ಚು ಕೇಳಸಿಗುವುದು. ಇದರ ವಾದ್ಯವೃಂದದಲ್ಲಿ ನಾಲ್ಕು ಹಾರ್ನ್‌ಗಳಿವೆ, ಸುರುಳಿ ಸುತ್ತಿದ ಹಿತ್ತಾಳೆಯ ಕೊಂಬುಗಳು. ಮೊದಲ ಅಂಕದಲ್ಲಿ ಸೀಸರ್ ತನ್ನ ಶತ್ರುವನ್ನು ಬೇಟೆಗಾರನ ಎಚ್ಚರದಲ್ಲಿ ಅಳೆಯುವ ‘ವಾ ತಾಚಿತೊ’ ಆರಿಯಾದಲ್ಲಿ ಒಂದೇ ಹಾರ್ನ್ ಅವನ ದನಿಗೆ ಎದುರು ನಿಲ್ಲುತ್ತದೆ. ಒಪೆರಾ ಮಂದಿರದಲ್ಲಿ ಆ ವಾದಕರು ರಂಗದ ಮುಂದೆ ವಾದ್ಯವೃಂದಕ್ಕೆಂದು ತಗ್ಗಿಸಿದ ಹಳ್ಳದಲ್ಲಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಕಛೇರಿಯಲ್ಲಾದರೆ ಎಷ್ಟೋ ಸಲ ಎದ್ದು ಗಾಯಕರ ಪಕ್ಕಕ್ಕೇ ಬಂದು ನುಡಿಸುತ್ತಾರೆ. ಆ ಕಾಲದ ಹಾರ್ನ್‌ಗೆ ಕವಾಟ ಇರುವುದಿಲ್ಲ. ತುಟಿ ಮತ್ತು ಉಸಿರಿನ ಬಲದಲ್ಲೇ ಸ್ವರ ಹಿಡಿಯಬೇಕು. ಎತ್ತರದಲ್ಲಿ ಸ್ವರಗಳು ಒಂದಕ್ಕೊಂದು ಅಂಟಿದಂತೆ ಹತ್ತಿರವಿರುವುದರಿಂದ ಆಗೊಮ್ಮೆ ಈಗೊಮ್ಮೆ ಒಂದು ಸ್ವರ ಒಡೆಯುತ್ತದೆ. ಅದು ಆ ವಾದ್ಯದ ಸ್ವಭಾವ. ಅದಕ್ಕೆ ಮುಖ ಸಿಂಡರಿಸುವವರು ಕವಾಟದ ಹಾರ್ನ್ ಬಳಸುವ ತಂಡವನ್ನು ಹುಡುಕಿಕೊಳ್ಳುವುದು ಒಳ್ಳೆಯದು.

ಎರಡನೆಯ ಅಂಕದ ಆರಂಭದಲ್ಲಿ ಕ್ಲಿಯೋಪಾತ್ರ ಹಾಡುವ ‘ವಾದೋರೊ ಪುಪಿಲ್ಲೆ’ ಆರಿಯಾ ಕೂಡ ಹಾಗೆಯೇ. ಹಾರ್ಪ್, ಥಿಯೋರ್ಬೊ, ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ವಿಯೋಲಾ ದ ಗಾಂಬಾ ಸೇರಿದ ಒಂದು ಪುಟ್ಟ ವೃಂದವನ್ನು ಹ್ಯಾಂಡೆಲ್ ರಂಗದ ಮೇಲೇ ಕೂರಿಸಿದ್ದ. ಇಲ್ಲಿ ಒಂದು ತಮಾಷೆ ಇದೆ. ಕ್ಲಿಯೋಪಾತ್ರ ಎರಡನೆಯ ಭಾಗ ಮುಗಿಸಿ ಪಲ್ಲವಿಗೆ ಮರಳುವ ಮೊದಲೇ ಸೀಸರ್ ಮೈಮರೆತು ನಡುವೆ ಬಾಯಿ ಹಾಕುತ್ತಾನೆ, ಆಮೇಲೆ ಅವಳು ಮರಳುತ್ತಾಳೆ. ಚಪ್ಪಾಳೆಯ ಬಲೆಗೆ ಇಲ್ಲಿ ಬೀಳುವವರೇ ಹೆಚ್ಚು.

ಕಛೇರಿ ಎಡವುವ ಜಾಗ ಬೇರೆ. ಈ ಒಪೆರಾದಲ್ಲಿ ಸೀಸರ್, ಅವನ ಎದುರಾಳಿ ತೊಲೊಮಿಯೊ, ಅರಮನೆಯ ನಿರೇನೊ, ಮೂವರ ಪಾತ್ರವನ್ನೂ ಮೊದಲು ಹಾಡಿದವರು ಕಾಸ್ತ್ರಾತೊ ಗಾಯಕರು, ಅಂದರೆ ಎತ್ತರದ ದನಿ ಉಳಿಯಲೆಂದು ಬಾಲ್ಯದಲ್ಲೇ ಬೀಜ ತೆಗೆಸಿದ ಗಂಡಸರು. ಈಗ ಮೂವರೂ ಕೌಂಟರ್‌ಟೆನರ್, ಅಂದರೆ ಹೆಣ್ಣುದನಿಯ ಎತ್ತರದಲ್ಲಿ ಹಾಡುವ ಗಂಡಸರು ಆಗಿರಬಹುದು. ಮೂವರೂ ಒಂದೇ ಬಣ್ಣದ ಕೋಟಿನಲ್ಲಿ ಬರುತ್ತಾರೆ. ಸೆಸ್ತೊ ಎಂಬ ಹುಡುಗನ ಪಾತ್ರವನ್ನು ಹೆಂಗಸು ಹಾಡುತ್ತಾರೆ, 1724ರಲ್ಲೂ ಹಾಗೇ ಇತ್ತು. ಕ್ಲಿಯೋಪಾತ್ರ ಲಿಡಿಯಾ ಎಂಬ ದಾಸಿಯ ವೇಷದಲ್ಲಿ ಬರುವುದನ್ನು ತೋರಿಸಲು ವೇಷವೇ ಇಲ್ಲ. ಅರ್ಧ ಗಂಟೆಯಲ್ಲಿ ಯಾರು ಯಾರನ್ನು ಕೊಲ್ಲಲು ಹೊರಟಿದ್ದಾರೆ ಎಂಬುದೇ ಕಲಸಿಹೋಗುತ್ತದೆ. ಹೋಗುವ ಮುನ್ನ ಕಥಾಸಾರವನ್ನು ಎರಡು ಸಲ ಓದಿ. ಗಾಯಕರ ಫೋಟೊ ಮತ್ತು ಪಾತ್ರದ ಹೆಸರನ್ನು ಜೋಡಿಸಿ ಫೋನಿನಲ್ಲಿ ಒಂದು ಪುಟ ಇಟ್ಟುಕೊಂಡು ಬಾಗಿಲಲ್ಲೇ ನೋಡಿ ಮುಗಿಸಿ. ಒಳಗೆ ಪರದೆಯ ಬೆಳಕು ಬೇಡ.

ಹಾಗೆಂದು ರಂಗಪ್ರಯೋಗ ದಂಡವೇನಲ್ಲ. 2005ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬರ್ನ್ ಒಪೆರಾ ಉತ್ಸವದಲ್ಲಿ ನಿರ್ದೇಶಕ ಡೇವಿಡ್ ಮೆಕ್‌ವಿಕರ್ ಇದೇ ಕೃತಿಯನ್ನು ಬ್ರಿಟಿಷ್ ಸಾಮ್ರಾಜ್ಯದ ಕಾಲಕ್ಕೆ ತಂದು, ಕ್ಲಿಯೋಪಾತ್ರಳ ಆರಿಯಾಗಳಿಗೆ ಬಾಲಿವುಡ್ ಧಾಟಿಯ ಕುಣಿತ ಹಾಕಿದರು. ಮುಂದೆ ಅದು ನ್ಯೂಯಾರ್ಕಿನ ಮೆಟ್‌ಗೂ (ಮೆಟ್ರೊಪಾಲಿಟನ್ ಒಪೆರಾ) ಹೋಯಿತು. ಮೊದಲ ಸಲ ಹ್ಯಾಂಡೆಲ್ ನೋಡುವವರಿಗೆ ಅಂಥದ್ದು ಸಿಕ್ಕರೆ ಕಛೇರಿಯನ್ನು ಪಕ್ಕಕ್ಕಿಡಿ. ಕುಳಿತು ನೋಡಲು ಆಯಾಸವೇ ಆಗದಂಥ ಪ್ರಯೋಗಗಳು ಕಡಿಮೆ, ಅದು ಅವುಗಳಲ್ಲಿ ಒಂದು.

ಫ್ರೆಂಚರು, ಮಾಂಟೆವೆರ್ಡಿ

ಫ್ರೆಂಚ್ ಅರಮನೆಯ ಸಂಗೀತಗಾರ ಲುಲಿ, ಅವನ ನಂತರದ ರಾಮೋ ಇವರ ಒಪೆರಾಗಳಲ್ಲಿ ಕುಣಿತವೆಂದರೆ ಊಟದ ಜೊತೆಗಿನ ಉಪ್ಪಿನಕಾಯಿಯಲ್ಲ, ಊಟದ ಅರ್ಧ ಭಾಗವೇ. ಒಂದು ಪ್ರೊಲಾಗ್ (ಪೀಠಿಕೆ), ಐದು ಅಂಕ, ಪ್ರತಿ ಅಂಕದಲ್ಲೂ ನೃತ್ಯದ ಸರಣಿ, ದೊಡ್ಡ ಕೋರಸ್. ಇದನ್ನು ಕಛೇರಿಯಲ್ಲಿ ಕೇಳಿದರೆ ಮೆನ್ಯುಯೆಟ್, ಗವೋಟ್, ರಿಗೊಡಾನ್ ಎಂಬ ಕುಣಿತದ ಮಟ್ಟುಗಳು ಒಂದರ ಹಿಂದೊಂದು ಬರುತ್ತವೆ, ಕುಣಿಯುವವರೇ ಇಲ್ಲ. ವಾದ್ಯವೃಂದ ಅಷ್ಟು ಚೆನ್ನಾಗಿದ್ದರೆ ಸಂಗೀತಕ್ಕಾಗಿಯೇ ಹೋಗಬಹುದು. ರಾಮೋನ 1733ರ ‘ಇಪೊಲಿತ್ ಎ ಆರಿಸಿ’ಯ ಸಂಗೀತಕ್ಕೆ ಆ ಬಲ ಇದೆ. ಆದರೆ ರಂಗದ ಮೇಲೆ ನೃತ್ಯ ಸಮೇತ ಸಿಗುತ್ತದೆ ಎಂದಾದರೆ ಎರಡನೆಯ ಯೋಚನೆ ಬೇಡ. ಅವನದೇ 1735ರ ‘ಲೆ ಆಂದ್ ಗಲಾಂತ್’ ಹೆಸರಿನಲ್ಲಿ ‘ಇಂಡೀಸ್’ (ಆಂದ್) ಇರುವುದನ್ನು ನೋಡಿ ಭಾರತದ ಕಥೆ ಎಂದು ಟಿಕೆಟ್ ತೆಗೆಯುವವರಿಗೆ ಒಂದು ಮಾತು: ಅದರಲ್ಲಿ ತುರ್ಕಿ ಪಾಷಾ, ಪೆರು, ಪರ್ಷಿಯಾ, ಉತ್ತರ ಅಮೆರಿಕದವರು ಇದ್ದಾರೆ, ನಾವು ಇಲ್ಲ.

ಫ್ರೆಂಚ್ ರೆಸಿಟೆಟಿವ್‌ಗೆ ಮಾತಿನ ಅರ್ಥ ತಿಳಿಯದೆ ಗತಿಯಿಲ್ಲ. ಹಾಡಿನ ಅನುವಾದ ತೋರಿಸುವ ಮೇಲ್ಬರಹದ ಪರದೆ ಇಲ್ಲದ ಸಭಾಂಗಣದಲ್ಲಿ ಲುಲಿ ಕಛೇರಿಗೆ ಹೋಗುವುದನ್ನು ನಾವು ಹೊಸಬರಿಗೆ ಹೇಳುವುದಿಲ್ಲ.

ಒಪೆರಾದ ಮೊದಲ ದಿನಗಳ ಇಟಾಲಿಯನ್ ಸಂಗೀತಗಾರ ಮಾಂಟೆವೆರ್ಡಿಯದು ಮಧ್ಯದ ದಾರಿ. 1607ರಲ್ಲಿ ಮಾಂಟುವಾದಲ್ಲಿ ಹಾಡಿದ ‘ಓರ್ಫೆಯೊ’ ಎರಡು ಗಂಟೆಯೊಳಗೆ ಮುಗಿಯುತ್ತದೆ, ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕಿಳಿಯುವ ಗಾಯಕನ ಸರಳ ಕಥೆ; ಕಛೇರಿಯಲ್ಲಿ ಸಲೀಸು. ನೀರೋ ಚಕ್ರವರ್ತಿಯ ಪ್ರೇಯಸಿಯ ಕಥೆಯಾದ 1643ರ ‘ಪೊಪ್ಪೆಯಾ’ ಹಾಗಲ್ಲ. ಉಳಿದು ಬಂದ ಹಸ್ತಪ್ರತಿಗಳಲ್ಲಿ ಹೆಚ್ಚಿನ ಕಡೆ ಇರುವುದು ಹಾಡಿನ ಸಾಲು ಮತ್ತು ಕೆಳಗಿನ ಬಾಸ್ ಸಾಲು ಮಾತ್ರ. ಯಾವ ವಾದ್ಯ, ಎಷ್ಟು ವಾದ್ಯ ಎಂಬುದನ್ನು ಪ್ರತಿ ಸಂಗೀತ ನಿರ್ದೇಶಕರೂ ಹೊಸದಾಗಿ ತೀರ್ಮಾನಿಸುತ್ತಾರೆ. ಆದ್ದರಿಂದ ಒಬ್ಬರ ಪೊಪ್ಪೆಯಾ ಇನ್ನೊಬ್ಬರದ್ದಕ್ಕೆ ಹೋಲುವುದೇ ಇಲ್ಲ. ಅದರಲ್ಲಿ ಜನರು ಒಬ್ಬರಿಗೊಬ್ಬರು ಮಾತಾಡುತ್ತಲೇ ಇರುತ್ತಾರೆ, ಕಣ್ಣಲ್ಲಿ ಕಣ್ಣಿಟ್ಟು. ಗಾಯಕರು ಪುಸ್ತಕದಲ್ಲಿ ಮುಖ ಹುದುಗಿಸಿ ನಿಂತರೆ ಕೃತಿಯೇ ಸತ್ತುಹೋಗುತ್ತದೆ. ಅರೆರಂಗ ರೂಪ, ಚಿಕ್ಕ ಸಭಾಂಗಣ ಇದಕ್ಕೆ ಸರಿ.

ಏನೂ ಗೊತ್ತಿಲ್ಲದೆ ಒಂದು ಸಂಜೆ ರುಚಿ ನೋಡಬೇಕೆಂದರೆ ಇಂಗ್ಲಿಷ್ ಸಂಗೀತಗಾರ ಪರ್ಸೆಲ್‌ನ ‘ಡೈಡೊ ಅಂಡ್ ಈನಿಯಸ್’. ಇಂಗ್ಲಿಷಿನಲ್ಲಿದೆ, ಸುಮಾರು ಒಂದು ಗಂಟೆ, ಯಾವ ರೂಪದಲ್ಲಿ ಕೇಳಿದರೂ ನಷ್ಟವಿಲ್ಲ.

ಅರೆರಂಗದ ಬಗ್ಗೆ ಎಚ್ಚರ

ಈ ಹೆಸರಿನಡಿ ಏನು ಬೇಕಾದರೂ ಬರುತ್ತದೆ. ಒಳ್ಳೆಯದಾದರೆ ಗಾಯಕರು ಬಾಯಿಪಾಠ ಮಾಡಿಕೊಂಡು, ವಾದಕರ ನಡುವೆ ಓಡಾಡಿ, ಒಂದು ಕುರ್ಚಿ, ಒಂದು ಪತ್ರ, ಒಂದು ಕತ್ತಿಯಲ್ಲೇ ಇಡೀ ಕಥೆ ಕಟ್ಟುತ್ತಾರೆ. ಕೆಟ್ಟದ್ದಾದರೆ ಸ್ಟ್ಯಾಂಡ್ ಮುಂದೆ ನಿಂತು ಒಂದು ಕೈಯಲ್ಲಿ ಪುಟ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಎದುರಾಳಿಯ ಕತ್ತು ಹಿಡಿಯುತ್ತಾರೆ. ಅದಕ್ಕಿಂತ ಶುದ್ಧ ಕಛೇರಿಯೇ ವಾಸಿ. ಎರಡರ ವ್ಯತ್ಯಾಸ ತಿಳಿಯಲು ಪ್ರಕಟಣೆಯಲ್ಲಿ ರಂಗನಿರ್ದೇಶಕರ ಹೆಸರು ಇದೆಯೇ ನೋಡಿ. ಹೆಸರಿದ್ದರೆ ಯಾರೋ ಕುಳಿತು ಯೋಚಿಸಿದ್ದಾರೆ ಎಂದರ್ಥ.

ಪೂರ್ಣ ರಂಗಪ್ರಯೋಗಕ್ಕೆ ವಾರಗಟ್ಟಲೆ ಅಭ್ಯಾಸ ಇರುತ್ತದೆ, ಕಛೇರಿಗೆ ಕೆಲವೇ ದಿನ. ಕಛೇರಿ ತಂಡಗಳು ಒಂದೇ ಕೃತಿಯನ್ನು ಹಿಡಿದು ನಾಲ್ಕೈದು ಊರು ಸುತ್ತುವುದು ರೂಢಿ. ಮೊದಲ ಊರಿನಲ್ಲಿ ಎಲ್ಲರ ಕಣ್ಣೂ ಪುಸ್ತಕದ ಮೇಲೆ. ರೆಸಿಟೆಟಿವ್ ಎಣಿಸಿ ಎಣಿಸಿ ಹಾಡಿದಂತಿರುತ್ತದೆ. ಕೊನೆಯ ಊರಿಗೆ ಬರುವ ಹೊತ್ತಿಗೆ ಎಲ್ಲ ಕೂಡಿ ಬಂದಿರುತ್ತದೆ, ಆದರೆ ಗಂಟಲು ದಣಿದಿರಬಹುದು. ರೈಲಿನಲ್ಲಿ ತಲುಪಬಹುದಾದ ಎರಡು ಊರುಗಳಲ್ಲಿ ಆಯ್ಕೆ ಇದ್ದರೆ ಸುತ್ತಿನ ನಡುವಿನ ದಿನ ಹಿಡಿಯಿರಿ. ತಂಡದ ಪುಟದಲ್ಲಿ ಎಲ್ಲ ದಿನಾಂಕವೂ ಇರುತ್ತದೆ, ಸಭಾಂಗಣದ ಪುಟದಲ್ಲಿ ಇರುವುದಿಲ್ಲ.

ಜಾಗ ಮತ್ತು ಕುರ್ಚಿ

ಇಲ್ಲಿ ಎಷ್ಟು ಯೋಚಿಸಿದರೂ ಕಡಿಮೆಯೇ. ಹಾರ್ಪ್ಸಿಕಾರ್ಡ್ ಜೋರಾಗಿ ಒತ್ತಿದರೆ ಜೋರಾಗುವ ವಾದ್ಯವಲ್ಲ. ಆಳೆತ್ತರದ ಕತ್ತಿನ ಥಿಯೋರ್ಬೊ ಅದಕ್ಕಿಂತ ಮೆತ್ತಗೆ. ಕರುಳಿನ ತಂತಿ ಹಾಕಿದ ಪಿಟೀಲಿನ ನಾದ ಉಕ್ಕಿನ ತಂತಿಯಷ್ಟು ದೂರ ಹಾಯುವುದಿಲ್ಲ. ಸುಮಾರು 550 ಆಸನಗಳ ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ ಕೊನೆಯ ಸಾಲಿಗೂ ಪ್ರತಿ ಮೀಟು ಕೇಳುತ್ತದೆ. 1,900ಕ್ಕಿಂತ ಹೆಚ್ಚು ಆಸನಗಳ ಬಾರ್ಬಿಕನ್‌ನಲ್ಲಿ ಹಿಂದೆ ಕೂತವರಿಗೆ ಥಿಯೋರ್ಬೊ ಕಣ್ಣಿಗಷ್ಟೇ ಕಾಣುವ ವಾದ್ಯ. ಸುಮಾರು 3,800 ಆಸನಗಳ ಮೆಟ್ ಬಗ್ಗೆ ಹೇಳುವುದೇ ಬೇಡ.

ದೊಡ್ಡ ಸಭಾಂಗಣವೇ ಗತಿ ಎಂದಾದರೆ ಮೊದಲ ಹತ್ತು-ಹನ್ನೆರಡು ಸಾಲಿನೊಳಗೆ, ಸ್ವಲ್ಪ ಹಾರ್ಪ್ಸಿಕಾರ್ಡ್ ಕಡೆಗೆ ಕುಳಿತುಕೊಳ್ಳಿ. ತೀರ ಮೊದಲ ಎರಡು ಸಾಲು ಬೇಡ. ದನಿ ತಲೆಯ ಮೇಲೆ ಹಾದುಹೋಗುತ್ತದೆ, ಮೇಲ್ಬರಹ ಓದಲು ಕತ್ತು ಮುರಿಯಬೇಕು. ವೇದಿಕೆಯ ಹಿಂದೆ ಕೋರಸ್‌ಗೆಂದು ಇರುವ ಆಸನಗಳನ್ನು ಅಗ್ಗಕ್ಕೆ ಮಾರುತ್ತಾರೆ. ಸಿಂಫನಿಗೆ ಅವು ಚೆನ್ನ, ಹಾಡುಗಾರಿಕೆಗೆ ಅಲ್ಲ. ಮನುಷ್ಯರ ದನಿ ಬಾಯಿಯ ದಿಕ್ಕಿಗೇ ಹೋಗುತ್ತದೆ. ಮೂರೂವರೆ ಗಂಟೆ ಗಾಯಕರ ಬೆನ್ನು ನೋಡುತ್ತ ವ್ಯಂಜನಗಳೇ ಇಲ್ಲದ ಇಟಾಲಿಯನ್ ಕೇಳಬೇಕಾಗುತ್ತದೆ. ಪಕ್ಕದ ಬಾಲ್ಕನಿಯಲ್ಲಿ ಮೇಲ್ಬರಹದ ಪರದೆ ಕಾಣುತ್ತದೆಯೇ ಎಂದು ಬುಕಿಂಗ್ ಕಚೇರಿಗೆ ಫೋನ್ ಮಾಡಿ ಕೇಳುವುದು ಕ್ಷೇಮ.

ಚರ್ಚುಗಳಲ್ಲಿ ನಡೆಯುವ ಕಛೇರಿಗಳ ಟಿಕೆಟ್ ಅಗ್ಗ, ವಾತಾವರಣ ಚಂದ, ಕೇಳಿಸುವುದು ಅನುಮಾನ. ಕಲ್ಲಿನ ಎತ್ತರದ ಚಾವಣಿಯಡಿ ನಾದ ಹಲವು ಸೆಕೆಂಡು ತೂಗಾಡುತ್ತದೆ. ಕ್ಲಿಯೋಪಾತ್ರ ಹಾಡುವ ನಿಧಾನದ ‘ಪಿಯಂಜೆರೊ’ಗೆ ಅದು ವರ. ಅದೇ ಆರಿಯಾದ ಬಿರುಸಿನ ಎರಡನೆಯ ಭಾಗಕ್ಕೆ, ಅವಳದೇ ‘ದಾ ತೆಂಪೆಸ್ತೆ’ಯಂಥ ಆರಿಯಾದ ವೇಗದ ಸ್ವರಗಳಿಗೆ ಶಾಪ, ಹದಿನಾರು ಸ್ವರ ಸೇರಿ ಒಂದು ಮಂಜಾಗುತ್ತದೆ. ಹ್ಯಾಂಡೆಲ್ ತಾನೇ ಹೋಗುತ್ತಿದ್ದ ಲಂಡನ್ನಿನ ಸೇಂಟ್ ಜಾರ್ಜ್, ಹ್ಯಾನೋವರ್ ಸ್ಕ್ವೇರ್ ಚರ್ಚು ಅಷ್ಟು ದೊಡ್ಡದಲ್ಲ, ಮರದ ಗ್ಯಾಲರಿಗಳಿವೆ, ನಾದ ಹಿಡಿತದಲ್ಲಿರುತ್ತದೆ. ಆದರೆ ಕಂಬದ ಹಿಂದೆ ಸಿಕ್ಕಿಕೊಳ್ಳಬೇಡಿ, ಬೆಂಚಿಗೆ ಒಂದು ದಿಂಬು ಇರಲಿ. ಚಿಕ್ಕ ಜಾಗದಲ್ಲಿ ಥಿಯೋರ್ಬೊ ಒಂದೇ ನುಡಿಯುವಾಗ ಕೈ ತುಂಬ ಗಾಜಿನ ಬಳೆ ಅಲುಗಿದರೂ ಇಡೀ ಸಭೆ ತಿರುಗುತ್ತದೆ, ಹೆಂಗಸರಿಗೆ ಇದೊಂದು ಕಿವಿಮಾತು.

ಶ್ರುತಿಯ ವಿಷಯ. ಹಳೆಯ ವಾದ್ಯಗಳ ತಂಡಗಳು ಹೆಚ್ಚಾಗಿ ಎಲ್ಲರೂ ಶ್ರುತಿ ಹಿಡಿಯುವ ‘ಎ’ ಸ್ವರವನ್ನು 415 ಹರ್ಟ್ಸ್‌ಗೆ ಇಡುತ್ತವೆ, ಇಂದಿನ 440ಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ. ಫ್ರೆಂಚ್ ಕೃತಿಗೆ 392ಕ್ಕೂ ಇಳಿಯುತ್ತವೆ. ಗಾಯಕರಿಗೆ ಎತ್ತರದ ಸ್ವರ ಹಗುರವಾಗುತ್ತದೆ. ಕರುಳಿನ ತಂತಿ ವೇದಿಕೆಯ ದೀಪದ ಶಾಖಕ್ಕೂ ತೇವಕ್ಕೂ ಜಾರುವುದರಿಂದ ಅಂಕದ ನಡುವೆ, ಕೆಲವೊಮ್ಮೆ ಆರಿಯಾಗಳ ನಡುವೆಯೂ ಶ್ರುತಿ ಕೂಡಿಸುತ್ತಾರೆ. ಇದನ್ನು ಕಾಲಹರಣ ಎಂದು ಗೊಣಗುವವರಿಗೆ ಆಧುನಿಕ ವಾದ್ಯದ ಪ್ರಯೋಗವೇ ಸರಿ.

ಎಷ್ಟು ಹೊತ್ತು?

‘ಜೂಲಿಯೊ ಚೇಸರೆ’ಯನ್ನು ಕತ್ತರಿಸದೆ ಹಾಡಿದರೆ ಸಂಗೀತವೇ ಮೂರೂಮುಕ್ಕಾಲು ಗಂಟೆಯ ಆಸುಪಾಸು. ವಿರಾಮ ಸೇರಿ ಮೂರು ಗಂಟೆ ಎಂದು ಬರೆದಿದ್ದರೆ ಬಹಳಷ್ಟು ಕತ್ತರಿಸಿದ್ದಾರೆ. ಮೊದಲ ಬಲಿ ರೆಸಿಟೆಟಿವ್, ಆಮೇಲೆ ಸಣ್ಣ ಪಾತ್ರಗಳ ಆರಿಯಾಗಳು. ಹೊಸಬರಿಗೆ ಅದರಿಂದ ತೊಂದರೆಯಿಲ್ಲ. ಕೃತಿ ಗೊತ್ತಿದ್ದವರು ಮಾತ್ರ ಮೊದಲೇ ವಿಚಾರಿಸಲಿ. ವಿರಾಮ ಒಂದೋ ಎರಡೋ ಎಂಬುದನ್ನೂ ನೋಡಿ. ಒಂದೇ ಆದರೆ ಮೊದಲರ್ಧ ಎರಡು ಗಂಟೆಗೆ ಹತ್ತಿರವಾಗುತ್ತದೆ. ಆರಿಯಾ ನಡುವೆ ಎದ್ದು ಹೋದರೆ ಮರಳಿ ಬಿಡುವುದು ಬಾಗಿಲವರ ಮರ್ಜಿ. ಸಂಜೆ 7ಕ್ಕೆ ಶುರುವಾದದ್ದು ಮುಗಿಯುವಾಗ 10.45 ಆಗಬಹುದು, ಊರ ಹೊರಗಿರುವವರು ಕೊನೆಯ ರೈಲು ನೋಡಿಯೇ ಟಿಕೆಟ್ ತೆಗೆಯಿರಿ. ಗ್ಲೈಂಡ್‌ಬರ್ನ್‌ನಲ್ಲಿ ಊಟಕ್ಕೆಂದೇ ಒಂದೂವರೆ ಗಂಟೆಯ ವಿರಾಮ ಇರುವುದರಿಂದ ಮಧ್ಯಾಹ್ನವೇ ಹೊರಡಬೇಕು. ಅಲ್ಲಿನ ಒಳ್ಳೆಯ ಆಸನಕ್ಕೆ 200 ಪೌಂಡ್ ದಾಟುತ್ತದೆ. 35ರೊಳಗಿನವರಿಗೆ ವಿಗ್ಮೋರ್ ಹಾಲ್ ಎಷ್ಟೋ ಕಛೇರಿಗಳಿಗೆ 5 ಪೌಂಡಿನ ಟಿಕೆಟ್ ಕೊಡುತ್ತ ಬಂದಿದೆ. ಓದಲು ಹೋದ ಹುಡುಗ-ಹುಡುಗಿಯರು ಅದನ್ನು ಬಿಡಬಾರದು.

ಪ್ರವಾಸದ ಜೊತೆ ಜೋಡಿಸುವುದಾದರೆ

ಹ್ಯಾಂಡೆಲ್ ಒಪೆರಾಗಳ ಇಂದಿನ ಮರುಹುಟ್ಟು 1920ರಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಅವನ ‘ರೊಡೆಲಿಂಡಾ’ ಆಡಿದಾಗ ಆದದ್ದು. ಅಲ್ಲಿ ಮೇ ತಿಂಗಳ ಹೊತ್ತಿಗೆ, ಅವನು ಹುಟ್ಟಿದ ಹಾಲೆಯಲ್ಲಿ ಅದರ ಬೆನ್ನಿಗೇ ಉತ್ಸವ ನಡೆಯುತ್ತದೆ. ಒಂದೇ ರೈಲು ಪ್ರವಾಸದಲ್ಲಿ ಎರಡನ್ನೂ ಹೊಂದಿಸಬಹುದು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಉತ್ಸವ ಬೇಸಿಗೆಯಲ್ಲಿ. ಜರ್ಮನಿಯ ಬೈರಾಯ್ಟ್‌ನಲ್ಲಿ ಸೆಪ್ಟೆಂಬರಿನಲ್ಲಿ ಮರದ ಒಳಾಂಗಣವಿರುವ 1748ರ ಒಪೆರಾ ಮಂದಿರದೊಳಗೇ ಬರೋಕ್ ಉತ್ಸವ. ಆ ಒಳಾಂಗಣದ ಚಿನ್ನದ ಕೆತ್ತನೆಯೇ ಎಷ್ಟಿದೆಯೆಂದರೆ ಅಲ್ಲಿ ಕಛೇರಿ ರೂಪವಾದರೂ ಕಣ್ಣಿಗೆ ಬರ ಇರುವುದಿಲ್ಲ.

ಸ್ಟಾಕ್‌ಹೋಮ್ ಬಳಿಯ ಡ್ರೋಟ್ನಿಂಗ್‌ಹೋಮ್‌ಗೆ ಹೋದರೆ ಮಾತ್ರ ಕಛೇರಿ ಟಿಕೆಟ್ ಬೇಡ, ರಂಗಪ್ರಯೋಗದ ದಿನವೇ ಹೋಗಿ. 1766ರ ಈ ರಂಗಮಂದಿರದ ಮರದ ಯಂತ್ರಗಳು ಇನ್ನೂ ಕೆಲಸ ಮಾಡುತ್ತವೆ. ಕೆಳಗೆ ಆಳುಗಳು ರಾಟೆ ತಿರುಗಿಸಿದರೆ ಎರಡೂ ಪಕ್ಕದ ಚಿತ್ರಪರದೆಗಳು ಒಟ್ಟಿಗೆ ಸರಿದು, ನೋಡುತ್ತಿರುವಂತೆಯೇ ಅರಮನೆ ಕಾಡಾಗುತ್ತದೆ. ಬೆಂಚು ಗಟ್ಟಿ, ಒಳಗೆ ಹೀಟರ್ ಇಲ್ಲ, ಬೇಸಿಗೆಯಲ್ಲಷ್ಟೇ ತೆರೆಯುತ್ತಾರೆ.

ಫ್ರಾನ್ಸಿನ ಬೋನ್‌ನಲ್ಲಿ ಜುಲೈ ತಿಂಗಳ ವಾರಾಂತ್ಯಗಳಲ್ಲಿ ಹಳೆಯ ಆಸ್ಪತ್ರೆಯ ಅಂಗಳದಲ್ಲಿ ರಾತ್ರಿ ಹೊತ್ತು ಒಪೆರಾಗಳನ್ನು ಕಛೇರಿಯಾಗಿ ಹಾಡುತ್ತಾರೆ. ಮಳೆ ಬಂದರೆ ಪಕ್ಕದ ಬಸಿಲಿಕಾಕ್ಕೆ ಸಾಗಿಸುತ್ತಾರೆ, ಆಗ ಮೇಲೆ ಹೇಳಿದ ಮಂಜಿನ ಸಮಸ್ಯೆ ಶುರು. ಮುಗಿಯುವಾಗ ನಡುರಾತ್ರಿ, ಊರಲ್ಲೇ ಕೋಣೆ ಹಿಡಿದಿರಬೇಕು, ಒಂದು ಶಾಲು ಜೊತೆಗಿರಬೇಕು.

ಸಿನಿಮಾ ಮಂದಿರದಲ್ಲೋ ಕಂಪ್ಯೂಟರಿನಲ್ಲೋ ನೋಡುವುದೂ ಒಂದು ದಾರಿ. ಒಪೆರಾವಿಷನ್ ಎಂಬ ಜಾಲತಾಣ ಪುಕ್ಕಟೆಯಾಗಿ ಪೂರ್ತಿ ಪ್ರಯೋಗಗಳನ್ನು ಹಾಕುತ್ತದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತವರಿಗೆ ಅದೇ ಹತ್ತಿರ. ಮೈಕು ಎಲ್ಲವನ್ನೂ ಸಮ ಮಾಡುವುದರಿಂದ ಹಾರ್ಪ್ಸಿಕಾರ್ಡ್ ನಿಜಕ್ಕಿಂತ ದೊಡ್ಡದಾಗಿ ಕೇಳುತ್ತದೆ. ಕಛೇರಿಗೆ ಹೋಗುವ ಹಿಂದಿನ ವಾರ ಅದೇ ಕೃತಿಯ ರಂಗಪ್ರಯೋಗವನ್ನು ಇಲ್ಲಿ ನೋಡಿ ಹೋದರೆ ಯಾರು ಯಾರು ಎಂಬ ಗೊಂದಲ ಅರ್ಧಕ್ಕರ್ಧ ಇಳಿಯುತ್ತದೆ.

ಕೆಲವು ಕೃತಿಗಳಿಗೆ ಆಯ್ಕೆಯೇ ಇರುವುದಿಲ್ಲ. 1731ರ ಫೆಬ್ರವರಿಯಲ್ಲಿ ಹ್ಯಾಂಡೆಲ್ ಲಂಡನ್ನಿಗೆ ಕೊಟ್ಟ ‘ಪೋರೊ, ರೇ ದೆಲ್ ಇಂಡಿಯೆ’ಯ ನಾಯಕ ನಮ್ಮ ಪುರೂರಾಜನೇ, ಝೀಲಂ ದಂಡೆಯಲ್ಲಿ ಅಲೆಕ್ಸಾಂಡರನ ಎದುರು ನಿಂತವನು. ಇದು ರಂಗದ ಮೇಲೆ ಬರುವುದು ಅಪರೂಪ. ಯಾವುದಾದರೂ ತಂಡ ಕಛೇರಿಯಾಗಿ ಇಟ್ಟುಕೊಂಡಿದೆ ಎಂದು ಕಂಡರೆ ಸಭಾಂಗಣ ಯಾವುದು, ಸಾಲು ಯಾವುದು ಎಂದು ಈ ಲೆಕ್ಕವನ್ನೆಲ್ಲ ಹಾಕುತ್ತ ಕೂರಬೇಡಿ. ಗಾಯಕರ ಬೆನ್ನ ಹಿಂದಿನ ಆಸನ ಉಳಿದಿದ್ದರೂ ತೆಗೆದುಕೊಳ್ಳಿ.